ಹುರಿದುಂಬಿಸುವವರ ಹೊಣೆ

"ನೌಕರಿಗಾಗಿ ಅಲೆಯಬೇಡ, ನೀನೇ ನಾಲ್ವರಿಗೆ ಕೆಲಸ ಕೊಡುವವನಾಗು" ಎಂಬುದು ಇಂದು ವಿಶ್ವವಿದ್ಯಾಲಯಗಳ ವೇದಿಕೆಗಳಲ್ಲೆಲ್ಲ ಕೇಳಿಬರತಕ್ಕ ಉಪದೇಶವಾಗಿದೆ. ಘಟಿಕೋತ್ಸವದ ಭಾಷಣದಲ್ಲಿ ಈ ಮಾತು ಬಾರದಿದ್ದರೆ ಭಾಷಣವೇ ಅಪೂರ್ಣವೆನ್ನುವಷ್ಟರಮಟ್ಟಿಗೆ ಇದು ವಾಡಿಕೆಗೆ ಬಂದಿದೆ. ಮಾತು ಒಳ್ಳೆಯದೇ. ಆದರೆ ಒಳ್ಳೆಯ ಮಾತನ್ನು ಆಡಿದವನಿಗೂ ಒಂದು ಋಣವುಂಟು. ಹೊಳೆಗೆ ಇಳಿಯೆಂದು ದಡದಲ್ಲಿ ನಿಂತು ಕೂಗುವವನು ತಾನು ಈಜು ಬಲ್ಲನೆ, ಇಲ್ಲವೆ ಒಂದು ಹಗ್ಗವನ್ನಾದರೂ ಕೈಯಲ್ಲಿ ಹಿಡಿದು ನಿಂತಿರುವನೆ ಎಂಬುದನ್ನು ವಿಚಾರಿಸಬೇಕಷ್ಟೆ. ವಿದ್ಯಾರ್ಥಿಗಳಲ್ಲಿ ಹೊಸ ಶೋಧನೆಯನ್ನೂ ಸ್ವಂತ ಉದ್ದಿಮೆಯನ್ನೂ ಪ್ರೋತ್ಸಾಹಿಸಬೇಕೆ ಬೇಡವೆ ಎಂಬುದು ಇಲ್ಲಿಯ ಪ್ರಶ್ನೆಯಲ್ಲ, ಬೇಕೆಂಬುದರಲ್ಲಿ ಸಂಶಯವಿಲ್ಲ. ಪ್ರೋತ್ಸಾಹಿಸುವವನು ಯಾವ ಹೊಣೆಯನ್ನು ಹೊರಬೇಕೆಂಬುದೇ ಇಲ್ಲಿಯ ವಿಚಾರ.

ಸರ್ಕಾರಗಳು ಈ ವಿಷಯದಲ್ಲಿ ಕೈಕಟ್ಟಿ ಕುಳಿತಿಲ್ಲ. ಕರ್ನಾಟಕವು 2015ರಲ್ಲಿಯೇ ನವೋದ್ಯಮಗಳಿಗಾಗಿ ತನ್ನ ನೀತಿಯನ್ನು ಹೊರಡಿಸಿತು. ಕೇಂದ್ರ ಸರ್ಕಾರವು 2016ರ ಜನವರಿ 16ರಂದು 'ಸ್ಟಾರ್ಟಪ್ ಇಂಡಿಯಾ' ಯೋಜನೆಯನ್ನು ಸಾರಿತು. 2019ರಲ್ಲಿ ಉನ್ನತ ಶಿಕ್ಷಣ ಸಂಸ್ಥೆಗಳ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಅನ್ವಯಿಸುವ ಒಂದು ರಾಷ್ಟ್ರೀಯ ನೀತಿ ಪ್ರಕಟವಾಯಿತು. ಉದ್ದಿಮೆಯನ್ನು ಕಟ್ಟಲು ಹೊರಟ ವಿದ್ಯಾರ್ಥಿಯು ಒಂದು ಅರ್ಧವರ್ಷವನ್ನೋ ಒಂದು ಪೂರ್ಣ ವರ್ಷವನ್ನೋ ಬಿಡುವಾಗಿ ಪಡೆದು ಮತ್ತೆ ತರಗತಿಗೆ ಮರಳಬಹುದು, ಹಾಜರಿ ಕಡಮೆಯಾದರೂ ಪರೀಕ್ಷೆಗೆ ಕೂಡಲು ಅವಕಾಶ ಕೊಡಬಹುದು, ಪದವಿಯ ಅಂಗವಾಗಿ ಮಾಡಬೇಕಾದ ಪ್ರಾಯೋಗಿಕ ಕೆಲಸಕ್ಕೆ ಬದಲಾಗಿ ಆತನ ಉದ್ದಿಮೆಯನ್ನೇ ಪರಿಗಣಿಸಬಹುದು ಎಂಬ ಸೂಚನೆಗಳು ಅದರಲ್ಲಿವೆ. ಇವು ಉದಾರವಾದ ಸೂಚನೆಗಳು. ಅದರಲ್ಲಿಯೇ ಇನ್ನೊಂದು ಮಾತೂ ಇದೆ: ಸ್ಥಳ, ಸಲಕರಣೆ, ಮಾರ್ಗದರ್ಶನಗಳನ್ನು ಒದಗಿಸಿದ ಸಂಸ್ಥೆಯು ಪ್ರತಿಯಾಗಿ ಆ ಉದ್ದಿಮೆಯಲ್ಲಿ ಶೇಕಡಾ 2ರಿಂದ 9.5ರವರೆಗೆ ಪಾಲನ್ನು ಪಡೆಯಬಹುದು.

ಇದನ್ನು ದೂಷಿಸಬೇಕಾಗಿಲ್ಲ. ಕೊಟ್ಟವನು ಪಡೆಯುವುದು ಲೋಕನ್ಯಾಯ. ಉದ್ದಿಮೆ ಮುಳುಗಿದರೆ ಸಂಸ್ಥೆಯ ಪಾಲೂ ಅದರೊಂದಿಗೆ ಮುಳುಗುವುದೆಂಬುದೂ ದಿಟವೇ. ಆದರೆ ತೂಗಿ ನೋಡೋಣ. ಸಂಸ್ಥೆಯು ಕಳೆದುಕೊಳ್ಳುವುದು ಒಂದು ಕೋಣೆಯ ಬಾಡಿಗೆಯನ್ನು, ಕೆಲವು ತಿಂಗಳ ವಿದ್ಯುತ್ತಿನ ವೆಚ್ಚವನ್ನು. ವಿದ್ಯಾರ್ಥಿಯು ಕಳೆದುಕೊಳ್ಳುವುದು ತಾರುಣ್ಯದ ಎರಡು ಮೂರು ವರ್ಷಗಳನ್ನು, ಓರಗೆಯವರ ಜೊತೆಗೆ ಹಿಡಿಯಬಹುದಾಗಿದ್ದ ನೌಕರಿಯನ್ನು, ಹಲವು ವೇಳೆ ಮನೆಯವರ ನಂಬಿಕೆಯನ್ನು. ಒಂದೇ ದೋಣಿಯಲ್ಲಿ ಕುಳಿತಿದ್ದರೂ ಇಬ್ಬರ ನಷ್ಟವೂ ಒಂದೇ ಅಲ್ಲ.

ಮನೆಯವರ ಮಾತು ಬಂದುದರಿಂದ ಅದನ್ನು ಸ್ವಲ್ಪ ವಿಸ್ತರಿಸುವುದು ಅವಶ್ಯ. ಮಗನೋ ಮಗಳೋ ಪದವಿ ಮುಗಿಸಿ ಸಂಬಳದ ಕೆಲಸ ಹಿಡಿಯಲಿ ಎಂದು ಬಯಸುವ ತಂದೆಯನ್ನು ಅಂಜುಬುರುಕನೆಂದು ಹಳಿಯುವುದು ವೇದಿಕೆಯ ಮೇಲೆ ಸುಲಭ. ಆತನ ಸ್ಥಿತಿ ಏನೆಂಬುದನ್ನು ನೋಡಿದವರು ಹಾಗೆ ಹಳಿಯಲಾರರು. ನಮ್ಮಲ್ಲಿ ಅನೇಕ ಗೃಹಸ್ಥರು ಮಕ್ಕಳನ್ನು ತಾಂತ್ರಿಕ ಕಾಲೇಜಿಗೆ ಕಳಿಸುವುದು ಬ್ಯಾಂಕಿನ ಶಿಕ್ಷಣ ಸಾಲದಿಂದ. ಭಾರತೀಯ ಬ್ಯಾಂಕುಗಳ ಸಂಘವು ರೂಪಿಸಿದ ಮಾದರಿ ಯೋಜನೆಯಂತೆ ಸಾಲಪತ್ರಕ್ಕೆ ವಿದ್ಯಾರ್ಥಿಯೊಡನೆ ತಂದೆತಾಯಿಗಳೂ ಜಂಟಿಯಾಗಿ ಸಹಿ ಹಾಕಬೇಕು. ವ್ಯಾಸಂಗದ ಅವಧಿ ಮುಗಿದು ಒಂದು ವರ್ಷ ಕಳೆದ ಮೇಲೆ ಕಂತು ಪ್ರಾರಂಭವಾಗುತ್ತದೆ. ಹೊಸ ಉದ್ದಿಮೆಯೊಂದು ಒಂದು ವರ್ಷದಲ್ಲಿ ಕಂತು ಕಟ್ಟುವಷ್ಟು ಗಳಿಸುವುದು ಅಪರೂಪ. ಆದುದರಿಂದ ಮಗನು ಪ್ರಯೋಗಕ್ಕೆ ಇಳಿದ ದಿನವೇ ತಂದೆಯು ತನಗರಿವಿಲ್ಲದೆ ಆ ಉದ್ದಿಮೆಯ ಬಂಡವಾಳಗಾರನಾಗಿಬಿಡುತ್ತಾನೆ. ಅದೇ ಮಾದರಿ ಯೋಜನೆಯಲ್ಲಿ, ಪದವಿಯ ನಂತರ ಉದ್ದಿಮೆಯನ್ನು ಕಟ್ಟಬಯಸುವವರಿಗೆ ಅದು ಬೇರೂರುವ ಅವಧಿಯಲ್ಲಿ ಕಂತುಗಳನ್ನು ಮುಂದೂಡುವ ಅವಕಾಶವನ್ನೂ 2015ರ ಪರಿಷ್ಕರಣದಲ್ಲಿ ಸೇರಿಸಲಾಗಿದೆ. ಇದನ್ನು ಬಲ್ಲ ತಂದೆತಾಯಿಗಳು ಎಷ್ಟು ಮಂದಿ? ಹುರಿದುಂಬಿಸುವ ಭಾಷಣಕಾರರು ಸಾಹಸಿಗಳ ಕಥೆಗಳ ನಡುವೆ ಈ ಒಂದು ವಾಕ್ಯವನ್ನು ಸೇರಿಸಿದರೂ ದೊಡ್ಡ ಉಪಕಾರವಾದೀತು.

ಈಗ ಉತ್ತೇಜನ ಕೊಡುವ ಗುರುವಿನ ವಿಷಯಕ್ಕೆ ಬರೋಣ. ವಿಶ್ವವಿದ್ಯಾಲಯದಿಂದ ಉದ್ದಿಮೆ ಹುಟ್ಟುವುದಕ್ಕೆ ಲೋಕವೆಲ್ಲ ಎತ್ತಿ ತೋರಿಸುವ ನಿದರ್ಶನ ಅಮೆರಿಕೆಯ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ. ಅಲ್ಲಿ ಫ್ರೆಡರಿಕ್ ಟರ್ಮನ್ ಎಂಬ ಪ್ರಾಧ್ಯಾಪಕರಿದ್ದರು. ಅವರ ಶಿಷ್ಯರಾದ ವಿಲಿಯಂ ಹ್ಯೂಲೆಟ್, ಡೇವಿಡ್ ಪ್ಯಾಕರ್ಡ್ ಎಂಬಿಬ್ಬರು 1939ರಲ್ಲಿ ಪಾಲೊ ಆಲ್ಟೊ ಊರಿನ ಒಂದು ಕಾರಿನ ಕೊಟ್ಟಿಗೆಯಲ್ಲಿ 538 ಡಾಲರುಗಳ ಬಂಡವಾಳದಿಂದ ಪ್ರಾರಂಭಿಸಿದ ಕಂಪನಿಯು ಮುಂದೆ ಜಗದ್ವಿಖ್ಯಾತವಾಯಿತು. ಈ ಕಥೆಯನ್ನು ಹೇಳುವವರು ಕೊಟ್ಟಿಗೆಯನ್ನೂ 538 ಡಾಲರನ್ನೂ ಮರೆಯದೆ ಹೇಳುತ್ತಾರೆ. ಟರ್ಮನ್ನರು ಮಾಡಿದುದನ್ನು ಮರೆಯುತ್ತಾರೆ. ಪ್ಯಾಕರ್ಡ್ ಆಗ ದೂರದ ಪೂರ್ವ ತೀರದ ಕಡೆ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಕೆಲಸದಲ್ಲಿದ್ದನು. "ಬಾ, ಸ್ವತಂತ್ರನಾಗು" ಎಂದು ಬರೆದು ಟರ್ಮನ್ನರು ಸುಮ್ಮನಾಗಲಿಲ್ಲ. ಅವನು ಮರಳಿ ಬರುವಂತೆ ಒಂದು ವಿದ್ಯಾರ್ಥಿವೇತನವನ್ನು ಏರ್ಪಡಿಸಿದರು. ಹ್ಯೂಲೆಟ್ಟನು ತನ್ನ ಸ್ನಾತಕೋತ್ತರ ವ್ಯಾಸಂಗದಲ್ಲಿ ರೂಪಿಸಿದ್ದ ಶಬ್ದಕಂಪನದ ಉಪಕರಣವೇ ಅವರ ಮೊದಲ ಸರಕು. ಅದರ ಸುಧಾರಿತ ಮಾದರಿಯ ಎಂಟು ಉಪಕರಣಗಳನ್ನು ವಾಲ್ಟ್ ಡಿಸ್ನಿಯ ಚಿತ್ರಸಂಸ್ಥೆಯು 'ಫ್ಯಾಂಟೇಸಿಯಾ' ಚಿತ್ರದ ಧ್ವನಿಯೋಜನೆಗಾಗಿ ಕೊಂಡುಕೊಂಡಿತು. ಅಂದರೆ ಅಲ್ಲಿ ಗುರುವಿನ ಮಾತಿನ ಹಿಂದೆ ಅನ್ನಕ್ಕೆ ದಾರಿಯಿತ್ತು, ಕಲಿತ ವಿದ್ಯೆಯ ಹಿಂದೆ ನಡೆಯುವ ಯಂತ್ರವಿತ್ತು, ಯಂತ್ರವನ್ನು ಕೊಳ್ಳುವವನೂ ಇದ್ದನು.

ಅದೇ ವಿಶ್ವವಿದ್ಯಾಲಯದಲ್ಲಿ ನಡೆದ ಇನ್ನೊಂದು ಸಂಗತಿಯನ್ನೂ ಇದರ ಬದಿಗಿಟ್ಟು ನೋಡತಕ್ಕದ್ದು. ಎಲಿಜಬೆತ್ ಹೋಮ್ಸ್ ಎಂಬ ಹತ್ತೊಂಬತ್ತರ ತರುಣಿ 2003ರಲ್ಲಿ ಕಂಪನಿಯೊಂದನ್ನು ಸ್ಥಾಪಿಸಿ, ಬಳಿಕ ಓದನ್ನು ಅರ್ಧಕ್ಕೆ ಬಿಟ್ಟಳು. ಆ ಕಂಪನಿಯೇ ಮುಂದೆ 'ಥೆರಾನೋಸ್' ಎಂದು ಹೆಸರಾಯಿತು. ಬೆರಳ ತುದಿಯಿಂದ ತೆಗೆದ ಕೆಲವೇ ಹನಿ ರಕ್ತದಿಂದ ಬಗೆಬಗೆಯ ಪರೀಕ್ಷೆಗಳನ್ನು ಮಾಡುವ ಯಂತ್ರವನ್ನು ತಾನು ನಿರ್ಮಿಸಿರುವೆನೆಂದು ಆಕೆ ಸಾರಿದಳು. ಆಕೆಯ ಪ್ರಾಧ್ಯಾಪಕರಲ್ಲಿ ಒಬ್ಬರಾದ ಚ್ಯಾನಿಂಗ್ ರಾಬರ್ಟ್‌ಸನ್ ಆಕೆಯನ್ನು ಬೆಂಬಲಿಸಿ ಕಂಪನಿಯ ಆಡಳಿತ ಮಂಡಳಿಯನ್ನೂ ಸೇರಿದರು. ಅಲ್ಲಿಯ ವೈದ್ಯಕೀಯ ವಿಭಾಗದ ಪ್ರಾಧ್ಯಾಪಿಕೆ ಫಿಲಿಸ್ ಗಾರ್ಡನರ್ ಅವರ ಬಳಿಗೂ ಆಕೆ ಮೊದಲ ಕಲ್ಪನೆಯೊಂದನ್ನು ಹಿಡಿದುಕೊಂಡು ಹೋಗಿದ್ದಳು. ಅದು ಸಾಧ್ಯವಾಗತಕ್ಕದ್ದಲ್ಲವೆಂದು ಅವರು ಮುಖಕ್ಕೆ ಹೇಳಿ ಕಳಿಸಿದರು. ಒಂದು ಕಾಲಕ್ಕೆ 900 ಕೋಟಿ ಡಾಲರುಗಳ ಬೆಲೆಯುಳ್ಳದ್ದೆಂದು ಹೊಗಳಿಸಿಕೊಂಡ ಆ ಕಂಪನಿಯು 2018ರಲ್ಲಿ ಮುಚ್ಚಿತು. ಬಂಡವಾಳ ಹೂಡಿದವರನ್ನು ವಂಚಿಸಿದ ಆರೋಪಗಳಲ್ಲಿ 2022ರ ಜನವರಿಯಲ್ಲಿ ಹೋಮ್ಸ್ ಅಪರಾಧಿಯೆಂದು ತೀರ್ಮಾನವಾಗಿ, ಅದೇ ವರ್ಷದ ನವೆಂಬರಿನಲ್ಲಿ ಆಕೆಗೆ ಹನ್ನೊಂದು ವರ್ಷಗಳಿಗೂ ಮೀರಿದ ಸೆರೆಮನೆವಾಸದ ಶಿಕ್ಷೆಯಾಯಿತು.

ಇಬ್ಬರು ಅಧ್ಯಾಪಕರಲ್ಲಿ ಉತ್ತೇಜನ ಕೊಟ್ಟವರು ಯಾರು? ಸಾಮಾನ್ಯವಾದ ಅರ್ಥದಲ್ಲಿ ರಾಬರ್ಟ್‌ಸನ್ ಅವರೇ. ಅವರಲ್ಲಿ ಕೆಟ್ಟ ಉದ್ದೇಶವಿತ್ತೆಂದು ಹೇಳಲು ನಮಗೆ ಆಧಾರವಿಲ್ಲ. ಶಿಷ್ಯೆಯ ಪ್ರತಿಭೆಗೆ ಮನಸೋಲುವುದು ಗುರುವಿಗೆ ಸಹಜ. ಆದರೂ ಆ ತರುಣಿಗೆ ನಿಜವಾದ ಹಿತವನ್ನು ಮಾಡಿದವರು "ಆಗದು" ಎಂದ ಪ್ರಾಧ್ಯಾಪಿಕೆಯೇ. ಆಕೆ ಅದನ್ನು ಕೇಳಲಿಲ್ಲವೆಂಬುದು ಬೇರೆ ಮಾತು. ಶಿಷ್ಯನ ಮನೋರಥವನ್ನು ಸತ್ಯದ ಒರೆಗಲ್ಲಿಗೆ ಹಚ್ಚದೆ ಬೆನ್ನು ತಟ್ಟುವುದಕ್ಕೆ ಗುರುವಾಗಬೇಕಾದ ಅವಶ್ಯಕತೆಯಿಲ್ಲ; ದಾರಿಹೋಕನೂ ಅದನ್ನು ಮಾಡಬಲ್ಲನು.

ಆ ಪ್ರಕರಣದಲ್ಲಿ ಇನ್ನೂ ಇಬ್ಬರ ಹೆಸರನ್ನು ಹೇಳದಿದ್ದರೆ ಅನ್ಯಾಯವಾದೀತು. ಆಗತಾನೆ ವಿಶ್ವವಿದ್ಯಾಲಯದಿಂದ ಹೊರಬಂದು ಆ ಕಂಪನಿಯಲ್ಲಿ ಕೆಲಸಕ್ಕೆ ಸೇರಿದ್ದ ಟೈಲರ್ ಶುಲ್ಟ್ಸ್ ಎಂಬ ತರುಣನೂ ಎರಿಕಾ ಚೆಂಗ್ ಎಂಬ ತರುಣಿಯೂ ಯಂತ್ರದ ಫಲಿತಾಂಶಗಳು ವಿಶ್ವಾಸಾರ್ಹವಲ್ಲವೆಂಬುದನ್ನು ಕಣ್ಣಾರೆ ಕಂಡು ಬಹಿರಂಗಪಡಿಸಿದರು. ಶುಲ್ಟ್ಸನ ಅಜ್ಜ, ಅಮೆರಿಕೆಯ ವಿದೇಶಾಂಗ ಸಚಿವರಾಗಿದ್ದ ಜಾರ್ಜ್ ಶುಲ್ಟ್ಸ್, ಅದೇ ಕಂಪನಿಯ ಆಡಳಿತ ಮಂಡಳಿಯಲ್ಲಿದ್ದರು. ಮೊಮ್ಮಗನ ಮಾತನ್ನು ಅವರು ಆಗ ನಂಬಲಿಲ್ಲ. ವಕೀಲರಿಗಾಗಿ ಆ ತರುಣನ ತಂದೆತಾಯಿಗಳು 4 ಲಕ್ಷ ಡಾಲರುಗಳಿಗೂ ಹೆಚ್ಚು ವೆಚ್ಚ ಮಾಡಬೇಕಾಯಿತು. ಹೊಸದನ್ನು ಕಟ್ಟುವ ಸಾಹಸವನ್ನು ಹೊಗಳುವ ಲೋಕವು, ಕಟ್ಟಿದುದು ಸುಳ್ಳೆಂದು ಹೇಳುವ ಸಾಹಸಕ್ಕೆ ತಂದೆತಾಯಿಗಳನ್ನು ಬಿಟ್ಟರೆ ಬೇರೆ ಆಸರೆಯನ್ನು ಒದಗಿಸಲಿಲ್ಲ. ವಿದ್ಯಾರ್ಥಿಗಳಿಗೆ ಉದ್ದಿಮೆಯನ್ನು ಕಲಿಸಹೊರಟ ವಿಶ್ವವಿದ್ಯಾಲಯಗಳು ಈ ಎರಡನೆಯ ಸಾಹಸವನ್ನೂ ಪಾಠದಲ್ಲಿ ಸೇರಿಸಬೇಡವೆ?

ಸದ್ಭಕ್ತರು ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು, ಮತ್ತು ಅದು ಹಗುರವಾದ ಆಕ್ಷೇಪವಲ್ಲ. ಉದ್ದಿಮೆಯೆಂಬುದು ಮಿಗಿಲನ್ನು ಆಶ್ರಯಿಸಿ ಬದುಕುವಂಥದು. ಶರಣರ ಕಾಯಕತತ್ತ್ವವಾದರೋ ಅಂದಂದಿನ ದುಡಿಮೆಯಿಂದ ಅಂದಂದಿನ ದಾಸೋಹವನ್ನು ನಡೆಸುವಂಥದು. ಇವೆರಡೂ ಹೇಗೆ ಹೊಂದುವುವು? ಆಯ್ದಕ್ಕಿ ಮಾರಯ್ಯನು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನು ಹಿಂದಕ್ಕೆ ಕಳಿಸಿದ ಸಂಗತಿ ಓದುಗರೆಲ್ಲರಿಗೂ ತಿಳಿದುದೇ. ಆ ತಾಯಿಯ ಎದುರಿನಲ್ಲಿ ಇಂದಿನ ಉದ್ದಿಮೆದಾರನು ನಿಲ್ಲಬಲ್ಲನೆ?

ಲಕ್ಕಮ್ಮನು ಹಿಂದಿರುಗಿಸಿದುದು ಯಾವುದನ್ನು ಎಂಬುದನ್ನು ಗಮನಿಸಬೇಕು. ದುಡಿಮೆಯ ಫಲವನ್ನಲ್ಲ, ಆ ದಿನದ ಕಾಯಕಕ್ಕೂ ದಾಸೋಹಕ್ಕೂ ಸಂಬಂಧಪಡದೆ ಆಸೆಯೊಂದರಿಂದಲೇ ಮನೆಗೆ ಬಂದುದನ್ನು. ಈ ಒರೆಗಲ್ಲಿನಲ್ಲಿ ನೋಡಿದರೆ, ರೈತನ ಬೆವರನ್ನು ಕಡಮೆ ಮಾಡುವ ಒಂದು ಉಪಕರಣವನ್ನು ಯೋಚಿಸಿ, ಮಾಡಿ, ಮಾರಿ, ಬಂದ ಮಿಗಿಲನ್ನು ಮತ್ತೆ ಅದೇ ಕೆಲಸಕ್ಕೂ ಕೆಲಸಗಾರರ ಕೂಲಿಗೂ ಹಾಕುವವನು ಕಾಯಕದಿಂದ ದೂರವಾದವನಲ್ಲ. ಮಾಡುವ ಸರಕು ಸಿದ್ಧವಾಗುವ ಮೊದಲೇ ಕೋಟಿಗಟ್ಟಲೆ ಬಂಡವಾಳವನ್ನು ತಂದು, ಅದನ್ನೇ ಗೆಲವೆಂದು ಪತ್ರಿಕೆಗಳಲ್ಲಿ ಸಾರಿಸಿಕೊಳ್ಳುವವನ ಸ್ಥಿತಿ ಬೇರೆ. ಬಂಡವಾಳವೆಂಬುದು ಮತ್ತೊಬ್ಬರ ಅಂಗಳದ ಅಕ್ಕಿ. ಅದನ್ನು ತಂದುದಕ್ಕೆ ಹಿಗ್ಗುವುದಕ್ಕಿಂತ ಮೊದಲು ಅದಕ್ಕೆ ತಕ್ಕ ಕಾಯಕವಾಗಿದೆಯೆ ಎಂದು ಕೇಳುವ ಒಬ್ಬ ಲಕ್ಕಮ್ಮ ಪ್ರತಿಯೊಂದು ನವೋದ್ಯಮದ ಮನೆಯಲ್ಲಿಯೂ ಇದ್ದರೆ ಎಷ್ಟೋ ಅನರ್ಥಗಳು ತಪ್ಪಿಯಾವು. ಇನ್ನು, ಕಾಯಕವೆಂದರೆ ಹುಟ್ಟಿನಿಂದ ಬಂದ ಕಸುಬಿಗೆ ಅಂಟಿಕೊಂಡಿರುವುದೆಂದು ತಿಳಿದು ಹೊಸ ಉದ್ಯೋಗಕ್ಕೆ ಹಿಂಜರಿಯುವವರೂ ಉಂಟು. ಕಾಶ್ಮೀರದ ಅರಸನಾಗಿದ್ದನೆಂದು ಪರಂಪರೆ ಹೇಳುವ ಮೋಳಿಗೆ ಮಾರಯ್ಯನು ಕಲ್ಯಾಣದಲ್ಲಿ ಕಟ್ಟಿಗೆಯ ಹೊರೆ ಹೊತ್ತು ಮಾರಿದನು. ಕಸುಬು ಬದಲಾಯಿತೆಂದು ಶರಣರಾರೂ ಮೂಗು ಮುರಿಯಲಿಲ್ಲ.

ರೈತನ ಉಪಕರಣದ ಮಾತನ್ನು ಸುಮ್ಮನೆ ಎತ್ತಿದುದಲ್ಲ. ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ನಿದರ್ಶನ ಕಣ್ಣ ಮುಂದಿದೆ. ಚಿತ್ರಕಲೆಯನ್ನು ಕಲಿಯಲು ಮುಂಬಯಿಗೆ ಹೋದ ಅವರಿಗೆ ಬಣ್ಣಗಳನ್ನು ಸರಿಯಾಗಿ ಗುರುತಿಸಲಾಗದ ದೃಷ್ಟಿದೋಷವಿದ್ದುದರಿಂದ ಆ ದಾರಿ ಮುಚ್ಚಿತು. ಯಂತ್ರಗಳ ನಕ್ಷೆ ಬರೆಯುವುದನ್ನು ಕಲಿತು ವಿಕ್ಟೋರಿಯಾ ಜುಬಿಲಿ ತಾಂತ್ರಿಕ ವಿದ್ಯಾಲಯದಲ್ಲಿ ಅಧ್ಯಾಪಕರಾದರು. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ಲಿನ ಅಂಗಡಿ ಪ್ರಾರಂಭವಾಯಿತು; ಇವರು ಇನ್ನೂ ಮುಂಬಯಿಯಲ್ಲಿದ್ದಾಗ ಊರಿನ ವ್ಯಾಪಾರವನ್ನು ನೋಡಿಕೊಂಡವರು ಸಹೋದರ ರಾಮಚಂದ್ರರಾಯರು. ಮುಂದೆ ಅವರು ಕಬ್ಬಿಣದ ನೇಗಿಲನ್ನು ಮಾಡಿದಾಗ, ಕಬ್ಬಿಣವು ಮಣ್ಣಿಗೆ ವಿಷವನ್ನು ಸೇರಿಸುವುದೆಂದು ರೈತರು ಅಂಜಿದರು. ಮೊದಲ ಕೆಲವೇ ನೇಗಿಲುಗಳು ಮಾರಾಟವಾಗಲು ಸುಮಾರು ಎರಡು ವರ್ಷಗಳು ಹಿಡಿದುವು. ಬೆಳಗಾವಿಯಿಂದ ಕಾರ್ಖಾನೆಯನ್ನು ಎಬ್ಬಿಸಬೇಕಾಗಿ ಬಂದಾಗ ಔಂಧ ಸಂಸ್ಥಾನದ ಅರಸರು ನೆಲವನ್ನು ಕೊಟ್ಟು ನೆರವಾದರು. 1910ರಲ್ಲಿ ಕಿರ್ಲೋಸ್ಕರವಾಡಿ ಅಲ್ಲಿ ತಲೆಯೆತ್ತಿತು. ಸೈಕಲ್ಲಿನ ಅಂಗಡಿಯಿಂದ ಅಲ್ಲಿಗೆ ಇಪ್ಪತ್ತೆರಡು ವರ್ಷ! ಪದವಿ ಮುಗಿದ ಎರಡನೆಯ ವರ್ಷದಲ್ಲಿ "ಏನು ಸಾಧಿಸಿದೆ?" ಎಂದು ನೆಂಟರು ಮದುವೆ ಮನೆಯಲ್ಲಿ ಕೇಳುವ ನಮ್ಮ ಕಾಲದಲ್ಲಿ ಅವರು ಎಂದೋ ಸೋತವರ ಪಟ್ಟಿಗೆ ಸೇರಿಬಿಡುತ್ತಿದ್ದರು. ಪ್ರಯೋಗಕ್ಕೆ ಇಳಿದವಳು ಮಗಳಾದರಂತೂ ಎರಡು ವರ್ಷವೇಕೆ, ಆರು ತಿಂಗಳಿಗೇ ವರಾನ್ವೇಷಣೆಯ ಮಾತು ಮೊದಲಾಗುತ್ತದೆ.

ಹೀಗೆ ಸಹೋದರನೊಬ್ಬ, ಅರಸನೊಬ್ಬ ಹೊತ್ತ ಹೊರೆಯನ್ನು ಇಂದು ಯಾರು ಹೊರಬೇಕು? ಕಾನೂನು ಒಂದು ಪಾಲನ್ನು ಹೊತ್ತಿದೆ. ಕಂಪನಿಯ ಸಾಲಕ್ಕೆ ಪಾಲುದಾರನು ತಾನು ಹಾಕಿದ ಹಣದ ಮಟ್ಟಿಗೆ ಮಾತ್ರ ಬಾಧ್ಯನೆಂಬ ಪರಿಮಿತ ಹೊಣೆಯ ನಿಯಮವು ನಮ್ಮ ದೇಶಕ್ಕೆ 1857ರ ಕಾಯಿದೆಯಿಂದಲೇ ಬಂದಿತು. 2013ರ ಕಂಪನಿ ಕಾಯಿದೆಯು ಒಬ್ಬನೇ ವ್ಯಕ್ತಿಯೂ ಇಂತಹ ಕಂಪನಿಯನ್ನು ಕಟ್ಟಬಹುದೆಂದಿತು. ಪ್ರಾಮಾಣಿಕವಾಗಿ ಯತ್ನಿಸಿ ಸೋತವನ ಮನೆ ಮಠಗಳು ಹರಾಜಾಗಬಾರದೆಂದು ಸಮಾಜವು ಮಾಡಿಕೊಂಡ ಒಪ್ಪಂದವಿದು. ಆದರೆ ಬ್ಯಾಂಕು ಸಾಲ ಕೊಡುವಾಗ ವೈಯಕ್ತಿಕ ಜಾಮೀನಿಗೆ ಸಹಿ ಕೇಳಿದರೆ ಆ ರಕ್ಷಣೆ ಅಷ್ಟರಮಟ್ಟಿಗೆ ಕಳಚಿಬೀಳುತ್ತದೆ. ಜಾಮೀನಿನ ಆ ಹಾಳೆಯನ್ನು ಓದದೆ ಸಹಿ ಮಾಡಬಾರದೆಂದು ತಿಳಿಹೇಳುವುದು ಕೂಡ ಹುರಿದುಂಬಿಸುವವರ ಕೆಲಸವೇ. ಈ ಒಪ್ಪಂದಕ್ಕೆ ಇನ್ನೊಂದು ಮಗ್ಗುಲೂ ಉಂಟು. ಪರಿಮಿತ ಹೊಣೆಯಿಂದ ಉದ್ದಿಮೆದಾರನು ಪಾರಾದಾಗ ಉಳಿದ ನಷ್ಟ ಮಾಯವಾಗುವುದಿಲ್ಲ. ಸಾಮಾನು ಒದಗಿಸಿ ಹಣಕ್ಕಾಗಿ ಕಾದಿದ್ದ ಸಣ್ಣ ವ್ಯಾಪಾರಿಯೂ, ತಿಂಗಳ ಕೂಲಿ ಬಾಕಿಯಿದ್ದ ಕೆಲಸಗಾರನೂ ಅದನ್ನು ಉಣ್ಣುತ್ತಾರೆ. ಆದುದರಿಂದ ಸೋಲುವುದರಲ್ಲಿಯೂ ಒಂದು ಶೀಲವಿದೆ: ಲೆಕ್ಕವನ್ನು ಬಚ್ಚಿಡದಿರುವುದು, ಕೈಲಾಗದೆಂದು ತಿಳಿದ ದಿನವೇ ಹೇಳಿಬಿಡುವುದು, ಉಳಿದ ಹಣದಲ್ಲಿ ಮೊದಲು ಕೂಲಿಯನ್ನು ತೀರಿಸುವುದು. ಇದನ್ನು ಯಾವ ಪಠ್ಯಕ್ರಮವೂ ಪ್ರಧಾನವಾಗಿ ಬೋಧಿಸುವುದು ಕಾಣೆವು.

ವಿದ್ಯಾಸಂಸ್ಥೆಗಳಲ್ಲಿಯೂ ಕೆಲವು ಸರಿಯಾದ ಹೆಜ್ಜೆ ಇಟ್ಟಿವೆ. ಕೆಲವು ಐ.ಐ.ಟಿ.ಗಳಲ್ಲಿ ಉದ್ದಿಮೆಗಾಗಿ ನೌಕರಿಯ ಸಂದರ್ಶನವನ್ನು ಬಿಟ್ಟುಕೊಟ್ಟ ವಿದ್ಯಾರ್ಥಿಯು, ಯತ್ನ ಫಲಿಸದಿದ್ದರೆ, ಒಂದೆರಡು ವರ್ಷಗಳ ಮೇಲೂ ಸಂಸ್ಥೆಗೆ ಮರಳಿ ಬಂದು ಕಿರಿಯರೊಡನೆ ಸಂದರ್ಶನಕ್ಕೆ ಕೂಡಬಹುದು. ಹೋದ ಬಾಗಿಲು ತೆರೆದಿದೆಯೆಂಬ ಧೈರ್ಯವನ್ನು ಕೊಡುವ ಈ ಏರ್ಪಾಡು ನಮಗೆ ನೂರು ಭಾಷಣಗಳಿಗಿಂತ ಮಿಗಿಲಾಗಿ ತೋರುತ್ತದೆ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯು 2016ರಲ್ಲಿ ಪ್ರಾರಂಭಿಸಿದ 'ನಿಧಿ' ಯೋಜನೆಯಲ್ಲಿ ಮೊದಲ ಮಾದರಿಯನ್ನು ನಿರ್ಮಿಸಲು 10 ಲಕ್ಷ ರೂಪಾಯಿಗಳವರೆಗೆ ನೆರವಿನ ಅವಕಾಶವುಂಟು. ನೌಕರಿ ಬಿಟ್ಟು ಯತ್ನಿಸುವ ತರುಣರ ಜೀವನಾಧಾರಕ್ಕಾಗಿ ಮಾಸಿಕ ವೇತನದ ಏರ್ಪಾಡೂ ಅದರಲ್ಲಿದೆ. ಬೆಳಗಾವಿಯ ಕೆ.ಎಲ್.ಇ. ಸಂಸ್ಥೆಯು 1916ರಲ್ಲಿ ಏಳು ಮಂದಿ ಅಧ್ಯಾಪಕರ ತ್ಯಾಗದಿಂದ ಹುಟ್ಟಿತು. ಅದು 1947ರಲ್ಲಿ ಹುಬ್ಬಳ್ಳಿಯಲ್ಲಿ ತೆರೆದ ಬಿ.ವಿ.ಬಿ. ತಾಂತ್ರಿಕ ಕಾಲೇಜು ಇಂದು ವಿಶ್ವವಿದ್ಯಾಲಯವಾಗಿ, ವಿದ್ಯಾರ್ಥಿಗಳ ಉದ್ದಿಮೆಗಳಿಗಾಗಿಯೇ ಒಂದು ಕೇಂದ್ರವನ್ನು ನಡೆಸುತ್ತಿದೆ. ಆ ಏಳು ಮಂದಿಯ ಮುಂದೆಯೂ ನಿಶ್ಚಿತವಾದ ಫಲವೇನೂ ಇರಲಿಲ್ಲ.

ಉಳಿದುದು ನಮ್ಮ ಪಾಲು, ಗೃಹಸ್ಥರದು ಮತ್ತು ಮಠಗಳದು. ಬಡ ಹುಡುಗನು ಓದಬೇಕೆಂದರೆ ಮೊದಲು ಅವನ ಹೊಟ್ಟೆಯ ಚಿಂತೆ ನೀಗಬೇಕೆಂಬುದನ್ನು ಅರಿತು ಪ್ರಸಾದ ನಿಲಯಗಳನ್ನು ಕಟ್ಟಿದ ಪರಂಪರೆ ನಮ್ಮದು. ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳು ದಿನವೂ ಉಂಡು ಓದುವುದನ್ನು ನಾಡೇ ಬಲ್ಲದು. ಆ ದಾಸೋಹದ ಬಾಗಿಲು ಪದವಿಯ ದಿನಕ್ಕೆ ಮುಚ್ಚಲೇಬೇಕೆಂದು ಎಲ್ಲಿ ವಿಧಿಯಿದೆ? ಓದು ಮುಗಿಸಿ ಒಂದು ಯತ್ನದಲ್ಲಿ ತೊಡಗಿದ ಹತ್ತು ಜನ ತರುಣ ತರುಣಿಯರಿಗೆ ಒಂದು ವರ್ಷ ಊಟ ವಸತಿಗಳನ್ನು ಕೊಡುವುದು ನಮ್ಮ ದೊಡ್ಡ ಮಠಗಳಿಗೆ ಹೊರೆಯಾಗಲಾರದು. ಕಾರ್ಖಾನೆಯುಳ್ಳ ಭಕ್ತರು ರಾತ್ರಿಯ ವೇಳೆ ಖಾಲಿ ನಿಂತ ಒಂದು ಲೇಥನ್ನು ಅವರಿಗೆ ಬಿಟ್ಟುಕೊಡಬಹುದು. ಲೆಕ್ಕ ಬಲ್ಲವರು ತಿಂಗಳಿಗೊಮ್ಮೆ ಕುಳಿತು ಅವರ ಖಾತೆಪುಸ್ತಕವನ್ನು ನೋಡಿ, ನೋಡಿದುದನ್ನು ಮುಚ್ಚುಮರೆಯಿಲ್ಲದೆ ಹೇಳಬಹುದು.

ಇದಾವುದೂ ಆಗದವರಿಗೆ ಇನ್ನೊಂದು ದಾರಿಯಿದೆ, ಅದು ಎಲ್ಲಕ್ಕಿಂತ ಸರಳವಾದುದು. ನಮ್ಮೂರಿನ ಹುಡುಗಿಯೊಬ್ಬಳು ಜೋಳದ ಕಾಳು ಬಿಡಿಸುವ ಸಣ್ಣ ಯಂತ್ರವೊಂದನ್ನು ಮಾಡಿ ತಂದಳೆನ್ನಿ. ಪೇಟೆಯ ಹೆಸರಾಂತ ಕಂಪನಿಯ ಯಂತ್ರವನ್ನೇ ತರುವೆವೆಂದು ಹೇಳುವ ಮೊದಲು ಒಂದು ಸುಗ್ಗಿಯ ಮಟ್ಟಿಗೆ ಅದನ್ನು ಹಣ ಕೊಟ್ಟು ಕೊಂಡು, ಕಣದಲ್ಲಿ ನಡೆಸಿ, ಎಲ್ಲಿ ಕಾಳು ಒಡೆಯಿತು, ಎಲ್ಲಿ ಪಟ್ಟಿ ಜಾರಿತು ಎಂಬುದನ್ನು ಅವಳಿಗೆ ತಿಳಿಸಬಹುದು. ಮಣ್ಣು ವಿಷವಾಗುವುದೆಂದು ಊರೆಲ್ಲ ಹೇಳುತ್ತಿರುವಾಗ ಕಬ್ಬಿಣದ ಮೊದಲ ನೇಗಿಲನ್ನು ಕೊಂಡು ತನ್ನ ಹೊಲದಲ್ಲಿ ಹೂಡಿದ ಒಬ್ಬ ರೈತನು ಇದ್ದೇ ಇದ್ದನಷ್ಟೆ.